ಸಕ್ಕರೆ ಕಾಯಿಲೆಯವರ ಗಾಯ ಏಕೆ ಬೇಗ ಮಾಯುವುದಿಲ್ಲ?

"ಅಯ್ಯೋ, ಚಿಕ್ಕ ಗಾಯ ಕಣ್ರೀ. ಅರಿಸಿನ ಮೆತ್ತಿದೀನಿ, ನಾಲ್ಕು ದಿನದಲ್ಲಿ ತಾನೇ ಹೋಗುತ್ತೆ."

ಈ ಮಾತು ಕೇಳದ ಮನೆ ನಮ್ಮಲ್ಲಿ ಉಂಟೇ? ಈಳಿಗೆ ತಾಗಲಿ, ಹೊಸಿಲು ಎಡವಲಿ, ಹಿತ್ತಿಲಲ್ಲಿ ಮುಳ್ಳು ಚುಚ್ಚಲಿ, ನಮ್ಮ ಬಾಯಿಗೆ ಮೊದಲು ಬರುವುದೇ ಇದು. ಹೆಚ್ಚಿನವರ ಪಾಲಿಗೆ ಇದು ನಿಜವೂ ಹೌದು. ನಾಲ್ಕಲ್ಲದಿದ್ದರೆ ಎಂಟು ದಿನ. ಹಕ್ಕಳೆ ಕಟ್ಟಿ, ಉದುರಿ, ಅಡಿಯಲ್ಲಿ ಹೊಸ ಚರ್ಮ ಕಾಣಿಸಿಕೊಳ್ಳುತ್ತದೆ. ಆದರೆ ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ, ಅಥವಾ ಆ ಕಾಯಿಲೆ ನಿಮಗೇ ಇದ್ದರೆ, ಈ ಮಾತನ್ನು ಇಷ್ಟು ಸಲೀಸಾಗಿ ಆಡುವಂತಿಲ್ಲ. ಅದರಲ್ಲೂ ಗಾಯ ಕಾಲಿನದಾದರೆ ಖಂಡಿತ ಆಡುವಂತಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೇಶದಾದ್ಯಂತ ನಡೆಸಿದ ಸಮೀಕ್ಷೆ 2023ರಲ್ಲಿ ಪ್ರಕಟವಾಯಿತು. ಅದರ ಲೆಕ್ಕದಂತೆ ನಮ್ಮ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ 10 ಕೋಟಿಯನ್ನು ದಾಟಿದೆ. ಇವರಲ್ಲಿ ಕಾಲು ಕಳೆದುಕೊಳ್ಳುವವರೂ ಉಂಟು. ಹಾಗೆ ಕಾಲು ಕತ್ತರಿಸಬೇಕಾಗಿ ಬಂದವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಎಲ್ಲವೂ ಶುರುವಾದದ್ದು ಪಾದದ ಒಂದು ಹುಣ್ಣಿನಿಂದ. ಒಂದು ಬೊಕ್ಕೆ, ಒಂದು ಆಣಿ, ಚಪ್ಪಲಿ ಉಜ್ಜಿದ ಒಂದು ಗೀರು. ಅಂದರೆ ಮೊದಲ ವಾರದಲ್ಲಿ ಅದು ಯಾರಾದರೂ ನೋಡಿ ಹಿಡಿಯಬಹುದಾಗಿದ್ದ ಗಾಯವೇ.

ಮಧುಮೇಹಕ್ಕೂ ಹುಣ್ಣಿಗೂ ಇರುವ ನಂಟು ಹೊಸ ಸಂಗತಿಯೇನಲ್ಲ. ಪ್ರಮೇಹದ ರೋಗಿಗಳಿಗೆ ಏಳುವ ಕುರುಗಳನ್ನು ನಮ್ಮ ಸುಶ್ರುತ ಸಂಹಿತೆ 'ಪ್ರಮೇಹ ಪಿಡಕ' ಎಂದು ಬೇರೆಯಾಗಿಯೇ ಎಣಿಸಿದೆ. ಹೀಗಾಗುತ್ತದೆಂದು ಹಿಂದಿನವರಿಗೆ ಗೊತ್ತಿತ್ತು. ಏಕೆ ಹೀಗಾಗುತ್ತದೆ ಎಂಬುದು ಗೊತ್ತಾಗುತ್ತ ಬಂದದ್ದು ಮಾತ್ರ ಇತ್ತೀಚೆಗೆ.

ಗಾಯವಾದ ಕೂಡಲೇ ಒಳಗೆ ನಡೆಯುವುದೇನು?

1882ರಲ್ಲಿ ಇಟಲಿಯ ಮೆಸ್ಸಿನಾ ಎಂಬ ಊರಿನಲ್ಲಿ ಎಲೀ ಮೆಚ್ನಿಕಾಫ್ ಎಂಬ ರಷ್ಯದ ವಿಜ್ಞಾನಿ ಇದ್ದ. ಮನೆಯವರೆಲ್ಲ ಸರ್ಕಸ್ ನೋಡಲು ಹೋಗಿದ್ದರು. ಒಬ್ಬನೇ ಕುಳಿತು ಸೂಕ್ಷ್ಮದರ್ಶಕದಲ್ಲಿ ನಕ್ಷತ್ರಮೀನಿನ ಮರಿಗಳನ್ನು ನೋಡುತ್ತಿದ್ದಾಗ ಅವನಿಗೊಂದು ಯೋಚನೆ ಹೊಳೆಯಿತು. ತೋಟದಿಂದ ಗುಲಾಬಿ ಮುಳ್ಳು ತಂದು ಆ ಮರಿಗಳಿಗೆ ಚುಚ್ಚಿಟ್ಟ. ರಾತ್ರಿ ಅವನಿಗೆ ನಿದ್ದೆಯಿಲ್ಲ. ಬೆಳಗಾಗುವಷ್ಟರಲ್ಲಿ ಮುಳ್ಳಿನ ಸುತ್ತ ಪುಟ್ಟ ಪುಟ್ಟ ಜೀವಕಣಗಳು ಬಂದು ಮುತ್ತಿಕೊಂಡಿದ್ದವು! ಹೊರಗಿನಿಂದ ಬಂದದ್ದನ್ನು ನುಂಗಿ ಹಾಕುವ ಕಾವಲುಗಾರರು ದೇಹದಲ್ಲಿದ್ದಾರೆ ಎಂಬ ತಿಳಿವಳಿಕೆಗೆ ಅದು ನಾಂದಿ. ಮೆಚ್ನಿಕಾಫ್‌ಗೆ 1908ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ನಿಮ್ಮ ಬೆರಳಿಗೆ ಈಳಿಗೆ ತಾಗಿದಾಗಲೂ ನಡೆಯುವುದು ಇದೇ. ಮೊದಲು ರಕ್ತ ಹೆಪ್ಪುಗಟ್ಟಿ ಸೋರುವುದು ನಿಲ್ಲುತ್ತದೆ. ಕೆಲವೇ ಗಂಟೆಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ರಕ್ತನಾಳದಿಂದ ನುಸುಳಿ ಗಾಯದ ಜಾಗಕ್ಕೆ ಬರುತ್ತವೆ. ರೋಗಾಣು ಕಂಡರೆ ನುಂಗಿ ಕೊಲ್ಲುತ್ತವೆ, ಕೊಂದು ತಾವೂ ಸಾಯುತ್ತವೆ. ಗಾಯದಲ್ಲಿ ಕಾಣುವ ಕೀವಿನಲ್ಲಿ ಬಹುಪಾಲು ಇವುಗಳ ಹೆಣವೇ. ಎರಡು ಮೂರು ದಿನಕ್ಕೆ ಮ್ಯಾಕ್ರೋಫೇಜ್ ಎಂಬ ದೊಡ್ಡ ಕಣಗಳು ಹೆಚ್ಚಾಗುತ್ತವೆ. ಅಳಿದುಳಿದ ರೋಗಾಣು, ಸತ್ತ ಕಣ, ಕೊಳೆ ಕಸ ಎಲ್ಲವನ್ನೂ ಗುಡಿಸಿ ಹಾಕುವುದು ಇವುಗಳ ಕೆಲಸ. ಗಾಯದ ಸುತ್ತ ಕೆಂಪು, ಬಿಸಿ, ಬಾವು, ನೋವು ಇರುತ್ತದಲ್ಲ, ಅದಕ್ಕೆ ಉರಿಯೂತ ಎನ್ನುತ್ತಾರೆ. ನಮಗೆ ಅದು ಕಾಟ ಅನ್ನಿಸಿದರೂ ದೇಹದ ಮಟ್ಟಿಗೆ ಅದು ಕೆಲಸ ನಡೆಯುತ್ತಿರುವುದರ ಗುರುತು.

ಇಲ್ಲೊಂದು ಸ್ವಾರಸ್ಯವಿದೆ. ಗುಡಿಸುವ ಕೆಲಸ ಮುಗಿದ ಮೇಲೆ ಇದೇ ಮ್ಯಾಕ್ರೋಫೇಜ್‌ಗಳು ಸ್ವಭಾವ ಬದಲಿಸುತ್ತವೆ. ಇಷ್ಟು ಹೊತ್ತು ಹೊಡೆದಾಟದಲ್ಲಿದ್ದವು ಈಗ ಮೇಸ್ತ್ರಿಗಳಾಗುತ್ತವೆ. "ಬನ್ನಿ, ಇನ್ನು ಕಟ್ಟೋಣ" ಎಂಬಂತೆ ರಾಸಾಯನಿಕ ಸಂದೇಶ ಕಳಿಸಿ, ಹೊಸ ಮಾಂಸ ತುಂಬುವ ಕಣಗಳನ್ನು ಕರೆಯುತ್ತವೆ. ಆ ಕಣಗಳು ಕೊಲಾಜನ್ ಎಂಬ ನಾರಿನಂಥ ಪ್ರೋಟೀನನ್ನು ನೇಯುತ್ತವೆ. ಸಣ್ಣ ರಕ್ತನಾಳಗಳು ಹೊಸದಾಗಿ ಚಿಗುರುತ್ತವೆ, ಅಂಚಿನಿಂದ ಚರ್ಮ ಹರಿದು ಬಂದು ಮುಚ್ಚಿಕೊಳ್ಳುತ್ತದೆ.

ಸಕ್ಕರೆ ಏರಿದಾಗ ಕೆಡುವುದೆಲ್ಲಿ?

ರಕ್ತದಲ್ಲಿ ಸಕ್ಕರೆ ಬಹಳ ದಿನ ಏರಿಯೇ ಇದ್ದರೆ ನ್ಯೂಟ್ರೋಫಿಲ್‌ಗಳು ಮಂಕಾಗುತ್ತವೆ. ಗಾಯದ ಕಡೆಗೆ ನಡೆಯುವ ಚುರುಕು, ನುಂಗುವ ಶಕ್ತಿ, ನುಂಗಿದ್ದನ್ನು ಕೊಲ್ಲುವ ಶಕ್ತಿ, ಮೂರೂ ಕಡಿಮೆ. ಇತ್ತ ರೋಗಾಣುಗಳಿಗೆ ಬೆಳೆಯಲು ಬೇಕಾದಷ್ಟು ಸಮಯ ಸಿಕ್ಕಿಬಿಡುತ್ತದೆ. ಮಧುಮೇಹಿಗಳಿಗೆ ಬೆನ್ನಿನ ಮೇಲೆ ದೊಡ್ಡ ಕುರು ಏಳುವುದು, ಮತ್ತೆ ಮತ್ತೆ ಉರಿಮೂತ್ರ ಬರುವುದು, ವಸಡು ಊದುವುದು, ಹೆಂಗಸರಿಗೆ ಗುಪ್ತಾಂಗದಲ್ಲಿ ಬೂಷ್ಟಿನಿಂದ ತುರಿಕೆಯಾಗುವುದು, ಇವೆಲ್ಲದರ ಹಿಂದೆ ಈ ಮಂಕುತನದ ಪಾಲಿದೆ. (ತುರಿಕೆಯ ವಿಷಯ ಹೇಳಿಕೊಳ್ಳಲು ನಾಚಿ ವರ್ಷಗಟ್ಟಲೆ ಸುಮ್ಮನಿರುವವರಿದ್ದಾರೆ. ಎಷ್ಟೋ ಹೆಂಗಸರಿಗೆ ಸಕ್ಕರೆ ಕಾಯಿಲೆ ಇರುವುದು ಪತ್ತೆಯಾಗುವುದೇ ಅದರಿಂದ.) ಕ್ಷಯ ತಗಲುವ ಸಂಭವವೂ ಮಧುಮೇಹಿಗಳಿಗೆ ಉಳಿದವರಿಗಿಂತ ಎರಡು ಮೂರು ಪಟ್ಟು ಹೆಚ್ಚು. 2021ರಲ್ಲಿ ಕೋವಿಡ್‌ನ ಎರಡನೇ ಅಲೆಯಲ್ಲಿ 'ಕಪ್ಪು ಶಿಲೀಂಧ್ರ' ಎಂದು ಊರೆಲ್ಲ ನಡುಗಿತಲ್ಲ, ಅದು ಮುತ್ತಿದ್ದೂ ಹೆಚ್ಚಾಗಿ ಸಕ್ಕರೆ ಹತೋಟಿ ತಪ್ಪಿದವರನ್ನು, ಸ್ಟೀರಾಯ್ಡ್ ಔಷಧಿ ಪಡೆದವರನ್ನು.

ಹಾಗಾದರೆ 'ಶಕ್ತಿ ಕುಂದಿದೆ, ಶಕ್ತಿ ಹೆಚ್ಚಿಸಿದರಾಯಿತು' ಎನ್ನುತ್ತೀರಾ? ಅಷ್ಟು ಸುಲಭವಲ್ಲ. ವಿಚಿತ್ರವೆಂದರೆ ಇದೇ ಕಣಗಳು ಇನ್ನೊಂದು ರೀತಿಯಲ್ಲಿ ಅತಿಯಾಗಿಯೂ ವರ್ತಿಸುತ್ತವೆ. ನ್ಯೂಟ್ರೋಫಿಲ್‌ಗಳು ಸಾಯುವಾಗ ತಮ್ಮೊಳಗಿನ ವರ್ಣತಂತುಗಳನ್ನೇ ಬಲೆಯಂತೆ ಹೊರಗೆ ಬೀಸಿ ರೋಗಾಣುಗಳನ್ನು ಹಿಡಿಯುತ್ತವೆ ಎಂಬುದನ್ನು ಬರ್ಲಿನ್ನಿನ ವಿಜ್ಞಾನಿಗಳು 2004ರಲ್ಲಿ ತೋರಿಸಿದರು. ಮಧುಮೇಹಿಗಳ ಕಣಗಳು ಈ ಬಲೆಯನ್ನು ಬೇಕಾಬಿಟ್ಟಿ ಬೀಸುತ್ತವೆ ಎಂದು 2015ರಲ್ಲಿ ಅಮೆರಿಕದ ಬಾಸ್ಟನ್ನಿನ ಸಂಶೋಧಕರು ಕಂಡುಕೊಂಡರು. ಬಲೆ ಬೀಸದಂತೆ ಮಾಡಿದ ಇಲಿಗಳಲ್ಲಿ ಗಾಯ ಬೇಗ ಕೂಡಿಕೊಂಡಿತು. ಮೀನು ಹಿಡಿಯಲು ಬೀಸಿದ ಬಲೆ ದೋಣಿಗೇ ಸುತ್ತಿಕೊಂಡ ಹಾಗೆ, ರೋಗಾಣು ಹಿಡಿಯುವ ಬಲೆ ಗಾಯ ಕೂಡುವುದಕ್ಕೇ ಅಡ್ಡಿ.

ಮ್ಯಾಕ್ರೋಫೇಜ್‌ಗಳದು ಇನ್ನೊಂದು ಕಥೆ. ಅವು ಮೇಸ್ತ್ರಿಯಾಗುವ ಹೊತ್ತು ಬಂದರೂ ಹೊಡೆದಾಟ ಬಿಡುವುದಿಲ್ಲ. ಉರಿಯೂತ ಆರಬೇಕಾದ ಕಾಲಕ್ಕೆ ಆರದೆ ಕೆಂಡದಂತೆ ಕಣಕಣ ಎನ್ನುತ್ತಲೇ ಇರುತ್ತದೆ. ಹೊಸದಾಗಿ ನೇಯ್ದ ಕೊಲಾಜನ್ನನ್ನು ಗಾಯದಲ್ಲಿರುವ ಕಿಣ್ವಗಳು ಕರಗಿಸಿ ಹಾಕುತ್ತವೆ. ಹಗಲು ಕಟ್ಟಿದ್ದನ್ನು ರಾತ್ರಿ ಕೆಡವಿದರೆ ಮನೆ ಏಳುವುದೆಂದು? ಒಟ್ಟಿನಲ್ಲಿ ಹೊಡೆದಾಟ ಶುರುವಾಗುವುದು ತಡ, ಶುರುವಾದ ಮೇಲೆ ಮುಗಿಯುವುದೇ ಇಲ್ಲ. ಆದ್ದರಿಂದಲೇ 'ರೋಗನಿರೋಧಕ ಶಕ್ತಿ ವರ್ಧಕ' ಎಂದು ಮಾರುವ ಪುಡಿ, ಲೇಹ್ಯಗಳಿಗೆ ಮಧುಮೇಹಿಗಳು ದುಡ್ಡು ಸುರಿಯುವುದು ವ್ಯರ್ಥ ಎನ್ನುವುದು. ಕೆಲವು ಲೇಹ್ಯಗಳಲ್ಲಂತೂ ಅರ್ಧದಷ್ಟು ಬೆಲ್ಲ ಸಕ್ಕರೆಯೇ! ಕಣಗಳ ಬುದ್ಧಿ ನೆಟ್ಟಗಾಗಬೇಕಾದರೆ ರಕ್ತದ ಸಕ್ಕರೆ ಇಳಿಯಬೇಕು, ಅದೇ ಮೊದಲ ಮದ್ದು.

ಇನ್ನೊಂದು ಮಾತು. ಹೊಟ್ಟೆಯ ಸುತ್ತ ಬೆಳೆಯುವ ಕೊಬ್ಬು ಸುಮ್ಮನೆ ಕುಳಿತಿರುವುದಿಲ್ಲ, ಅದೂ ಉರಿಯೂತದ ರಾಸಾಯನಿಕಗಳನ್ನು ಸುರಿಸುತ್ತದೆ. ಅವು ಇನ್ಸುಲಿನ್ ಕೆಲಸಕ್ಕೆ ಅಡ್ಡಬರುತ್ತವೆ ಎಂದು 1993ರಲ್ಲಿ ಇಲಿಗಳ ಮೇಲೆ ನಡೆಸಿದ ಸಂಶೋಧನೆಯಿಂದ ತಿಳಿಯಿತು. ಸಕ್ಕರೆಯಿಂದ ಉರಿಯೂತ, ಉರಿಯೂತದಿಂದ ಸಕ್ಕರೆ ಎಂಬ ಈ ಗಾಣಕ್ಕೆ ಸೊಂಟದ ಸುತ್ತಳತೆಯೂ ಒಂದು ಎತ್ತು.

ಪೇಡದ ಬಣ್ಣ, ರಕ್ತದ ಲೆಕ್ಕ

ಧಾರವಾಡ ಪೇಡ ಕಂದಾಗಿರುತ್ತದೆ, ಹಾಲು ಮಾತ್ರ ಬಿಳಿ. ಬಣ್ಣ ಎಲ್ಲಿಂದ ಬಂತು? ಖೋವವನ್ನು ಸಕ್ಕರೆಯೊಂದಿಗೆ ಬಹಳ ಹೊತ್ತು ಹುರಿದಾಗ ಸಕ್ಕರೆಯ ಅಂಶ ಹಾಲಿನ ಪ್ರೋಟೀನಿಗೆ ಅಂಟಿಕೊಂಡು ಬಣ್ಣ, ಪರಿಮಳ ಎರಡೂ ಹುಟ್ಟುತ್ತವೆ. ಮೈಲಾರ್ಡ್ ಎಂಬ ಫ್ರಾನ್ಸಿನ ರಸಾಯನ ವಿಜ್ಞಾನಿ 1912ರಲ್ಲಿ ಈ ಕ್ರಿಯೆಯನ್ನು ವಿವರಿಸಿದ. ಬಾಣಲೆಯಲ್ಲಿ ಗಂಟೆಗಳಲ್ಲಿ ಆಗುವ ಇದೇ ಬಗೆಯ ಕ್ರಿಯೆ ಮೈಯ ಕಾವಿನಲ್ಲಿ ವಾರ, ತಿಂಗಳು, ವರ್ಷಗಳಲ್ಲಿ ನಿಧಾನವಾಗಿ ನಡೆಯುತ್ತದೆ. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದಷ್ಟೂ ಅಂಟುವುದು ಹೆಚ್ಚು. ಚರ್ಮದ ಕೊಲಾಜನ್ನಿಗೆ, ರಕ್ತನಾಳದ ಗೋಡೆಗೆ ಹೀಗೆ ಅಂಟಿದಾಗ ಅವು ಬಿರುಸಾಗುತ್ತವೆ, ಉರಿಯೂತವನ್ನೂ ಕೆಣಕುತ್ತವೆ.

ಡಾಕ್ಟರು ಬರೆದುಕೊಡುವ 'ಎಚ್‌ಬಿಎಒನ್‌ಸಿ' ಪರೀಕ್ಷೆ ಅಳೆಯುವುದೂ ಇದನ್ನೇ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಅಷ್ಟರಲ್ಲಿ ಅದರ ಹಿಮೋಗ್ಲೋಬಿನ್ನಿಗೆ ಎಷ್ಟು ಸಕ್ಕರೆ ಅಂಟಿದೆ ಎಂದು ನೋಡಿದರೆ ಹಿಂದಿನ ಎರಡು ಮೂರು ತಿಂಗಳ ಲೆಕ್ಕ ಬಯಲಾಗುತ್ತದೆ. ಪರೀಕ್ಷೆಯ ಹಿಂದಿನ ದಿನ ಉಪವಾಸ ಮಾಡಿ ಡಾಕ್ಟರ ಕಣ್ಣಿಗೆ ಮಣ್ಣೆರಚುವ ಯಜಮಾನರ ಆಟ ಇಲ್ಲಿ ನಡೆಯುವುದಿಲ್ಲ! 5.7ಕ್ಕಿಂತ ಕೆಳಗಿದ್ದರೆ ಸರಿ, 6.5 ಅಥವಾ ಮೇಲಿದ್ದರೆ ಮಧುಮೇಹ. ಕಾಯಿಲೆ ಇರುವವರಲ್ಲಿ ಬಹಳಷ್ಟು ಮಂದಿಗೆ 7ರ ಆಸುಪಾಸಿನಲ್ಲಿಡಲು ಹೇಳುತ್ತಾರೆ. ವಯಸ್ಸಾದವರಿಗೆ ಎಷ್ಟಿರಬೇಕೆಂಬುದು ಡಾಕ್ಟರಿಗೆ ಬಿಟ್ಟದ್ದು.

ನೋವಿಲ್ಲದ ಗಾಯ

ಇಷ್ಟೇ ಆಗಿದ್ದರೆ ಕೈಗೂ ಕಾಲಿಗೂ ಒಂದೇ ಕಷ್ಟವಿರಬೇಕಿತ್ತು. ಕಾಲಿಗೇ ಏಕೆ ಹೆಚ್ಚು? ಎರಡು ಕಾರಣ. ಕಾಲಿನ ರಕ್ತನಾಳಗಳು ಕಟ್ಟಿಕೊಂಡು ರಕ್ತದ ಹರಿವು ಕಡಿಮೆಯಾಗುವುದು ಒಂದು. ರಕ್ತ ಹೋಗದ ಕಡೆಗೆ ಬಿಳಿ ಕಣಗಳೂ ಹೋಗಲಾರವು, ನುಂಗಿದ ಮಾತ್ರೆಯೂ ಹೋಗಲಾರದು. ಇನ್ನೊಂದು ನರಗಳದ್ದು. ಮೊದಮೊದಲು ಅಂಗಾಲು ಉರಿ, ಜೋಮು, ಹತ್ತಿಯ ಮೇಲೆ ನಡೆದ ಹಾಗೆ. ಆಮೇಲೆ ಏನೂ ಇಲ್ಲ. "ಈಗ ಉರಿ ಹೋಯ್ತು, ಆರಾಮಾಗಿದೆ" ಎಂದು ನಿಮ್ಮ ಅತ್ತೆಯವರು ಹೇಳಿದರೆ ಸಂತೋಷಪಡುವ ಮೊದಲು ಅವರ ಪಾದವನ್ನು ಮುಟ್ಟಿ ನೋಡಿ, ಮುಟ್ಟಿದ್ದು ತಿಳಿಯುತ್ತದೆಯೇ ಎಂದು ಕೇಳಿ.

ನೋವಿಲ್ಲದಿದ್ದರೆ ಏನಾಗುತ್ತದೆಂಬುದನ್ನು ಜಗತ್ತಿಗೆ ಕಲಿಸಿದ್ದು ದಕ್ಷಿಣ ಭಾರತವೇ. ಪಾಲ್ ಬ್ರಾಂಡ್ ಎಂಬ ಶಸ್ತ್ರವೈದ್ಯರು ಹುಟ್ಟಿದ್ದು 1914ರಲ್ಲಿ, ತಮಿಳುನಾಡಿನ ಕೊಲ್ಲಿಮಲೆಯಲ್ಲಿ. ಇಂಗ್ಲೆಂಡಿನಲ್ಲಿ ಓದಿ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠರೋಗಿಗಳ ಬೆರಳು ತಾವಾಗಿಯೇ ಕೊಳೆತು ಉದುರುತ್ತವೆಂದು ಆಗ ಎಲ್ಲರೂ ನಂಬಿದ್ದರು. ಬ್ರಾಂಡ್ ಕೂತು ಗಮನಿಸಿದರು. ಕೊಳೆಯುತ್ತಿರಲಿಲ್ಲ. ಬಿಸಿ ಪಾತ್ರೆ ಹಿಡಿದರೂ ಸುಟ್ಟದ್ದು ತಿಳಿಯದು, ಮೊಳೆ ಚುಚ್ಚಿದರೂ ತಿಳಿಯದು, ರಾತ್ರಿ ಮಲಗಿದ್ದಾಗ ಇಲಿ ಕಡಿದರೂ ಎಚ್ಚರವಾಗದು. ಗಾಯದ ಮೇಲೆ ಗಾಯವಾಗಿ ಬೆರಳು ಹೋಗುತ್ತಿತ್ತು. ಹುಣ್ಣಾದ ಕಾಲಿನ ಮೇಲೆ ಕುಂಟದೆ ನಡೆಯುತ್ತಿದ್ದರು, ಅದೇ ದೊಡ್ಡ ಅನಾಹುತ. ನಾವು ಕಾಲು ನೋಯುವಾಗ ಕುಂಟುತ್ತೇವಲ್ಲ, ಆ ಕುಂಟುವಿಕೆಯೇ ಗಾಯಕ್ಕೆ ಕೊಡುವ ವಿಶ್ರಾಂತಿ.

ಮುಂದೆ 1966ರಲ್ಲಿ ಬ್ರಾಂಡ್ ಅಮೆರಿಕದ ಕಾರ್ವಿಲ್ ಆಸ್ಪತ್ರೆಗೆ ಹೋದಾಗ ಅಲ್ಲಿನ ಮಧುಮೇಹಿಗಳ ಪಾದಗಳಲ್ಲಿ ಅದೇ ಹುಣ್ಣುಗಳನ್ನು ಕಂಡರು. ಕುಷ್ಠರೋಗಿಗಳ ಕಾಲಿಗೆ ಹಾಕುತ್ತಿದ್ದ ಪ್ಲಾಸ್ಟರ್ ಕಟ್ಟನ್ನು ಇವರಿಗೂ ಹಾಕಿಸಿದರು. ಅಂಗಾಲಿನ ಹುಣ್ಣಿನ ಮೇಲೆ ಭಾರ ಬೀಳದಂತೆ ಮಾಡುವ ಈ ಕಟ್ಟು ಇವತ್ತಿಗೂ ಆ ಹುಣ್ಣಿನ ಮುಖ್ಯ ಚಿಕಿತ್ಸೆಗಳಲ್ಲೊಂದು. ನಮ್ಮಲ್ಲಿ ಮಧುಮೇಹಿಗಳಿಗೆ ಕೊಡುವ ಮೆತ್ತನೆಯ ರಬ್ಬರಿನ 'ಎಂಸಿಆರ್' ಚಪ್ಪಲಿಯೂ ಕುಷ್ಠರೋಗದ ಆಸ್ಪತ್ರೆಗಳಿಂದಲೇ ಬಂದದ್ದು. ಹಾಗಾಗಿ "ಅದನ್ನು ಹಾಕ್ಕೊಂಡರೆ ಜನ ಏನಂದುಕೊಳ್ಳುತ್ತಾರೆ" ಎಂದು ಹಿಂಜರಿಯುವವರಿದ್ದಾರೆ. ಜನ ಅಂದುಕೊಳ್ಳಲಿ ಬಿಡಿ. ಕಾಲು ಉಳಿಯಬೇಕಲ್ಲ!

ಮನೆಯಲ್ಲಿ ನೀವು ನೋಡಬೇಕಾದದ್ದು

ರಾತ್ರಿ ಮಲಗುವ ಮೊದಲು ಪಾದ ನೋಡುವ ಅಭ್ಯಾಸವಿರಲಿ. ಬಗ್ಗಲಾಗದವರು ನೆಲದ ಮೇಲೆ ಕನ್ನಡಿ ಇಟ್ಟುಕೊಂಡು ಅಂಗಾಲು ನೋಡಿಕೊಳ್ಳಬಹುದು. ಕಣ್ಣು ಮಂಜಾದವರಿಗೆ ಮೊಮ್ಮಗಳೋ ಸೊಸೆಯೋ ನೋಡಬೇಕು. ಬೆರಳ ಸಂದಿಯನ್ನು ಬಿಡಿಸಿ ನೋಡಿ. ಕಾಲುಂಗುರದ ಅಡಿಯನ್ನೂ ನೋಡಿ, ಬೆರಳು ಊದಿದಾಗ ಬಿಗಿಯಾದ ಉಂಗುರ ಕೊಯ್ಯುತ್ತದೆ. ಮನೆಯೊಳಗೂ ಚಪ್ಪಲಿ ಬೇಕು, ಅಡುಗೆಮನೆಯಲ್ಲೂ ಬೇಕು. ಮಡಿ ಎನ್ನುವವರು ಒಳಗೆ ಮಾತ್ರ ಹಾಕುವ ಒಂದು ಜೊತೆ ಬೇರೆಯೇ ಇಟ್ಟುಕೊಂಡರಾಯಿತು. ಹಾಕುವ ಮೊದಲು ಚಪ್ಪಲಿ ಕೊಡವಬೇಕು, ಸ್ಪರ್ಶ ಹೋದ ಪಾದಕ್ಕೆ ಒಳಗಿರುವ ಹರಳು ತಿಳಿಯುವುದಿಲ್ಲ. ಬೇಸಿಗೆಯ ನಡುಮಧ್ಯಾಹ್ನ ದೇವಸ್ಥಾನದ ಕಲ್ಲುಹಾಸಿನ ಮೇಲೆ ಬರಿಗಾಲಿನ ಪ್ರದಕ್ಷಿಣೆ ಬೇಡ. ಅಂಗಾಲು ಪೂರ್ತಿ ಬೊಕ್ಕೆ ಎದ್ದು ಆಸ್ಪತ್ರೆ ಸೇರುವವರಿದ್ದಾರೆ. ಬೆಳಗಿನ ತಂಪು ಹೊತ್ತಿನಲ್ಲಿ ಹೋದರೆ ದೇವರೇನೂ ಬೇಡವೆನ್ನುವುದಿಲ್ಲ.

ಬಿಸಿನೀರಿನ ಚೀಲದಿಂದ ಕಾಲಿಗೆ ಶಾಖ ಕೊಡಬೇಡಿ. ಸ್ನಾನದ ನೀರಿನ ಬಿಸಿಯನ್ನು ಕಾಲಿನಿಂದ ನೋಡದೆ ಮೊಣಕೈಯಿಂದ ನೋಡಿ. ಆಣಿಯನ್ನು ಬ್ಲೇಡಿನಿಂದ ಹೆರೆಯುವುದು, ಅಂಗಡಿಯ ಆಣಿಪಟ್ಟಿ ಅಂಟಿಸುವುದು ಎರಡೂ ಅಪಾಯ. ಆ ಪಟ್ಟಿಯ ಆಮ್ಲ ಒಳ್ಳೆಯ ಚರ್ಮವನ್ನೂ ಸುಡುತ್ತದೆ. ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆ ಕೊರೆಯಬೇಡಿ. ಒಡೆದ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚಬಹುದು, ಬೆರಳ ಸಂದಿಗೆ ಬೇಡ. ಸಂದಿ ಒಣಗಿರಬೇಕು.

ಗಾಯವಾಗಿಯೇ ಬಿಟ್ಟರೆ? ಶುದ್ಧ ನೀರಿನಲ್ಲಿ ತೊಳೆದು, ಒಗೆದು ಒಣಗಿಸಿದ ಬಟ್ಟೆಯನ್ನೋ ಮೆಡಿಕಲ್ ಶಾಪಿನ ಗಾಜನ್ನೋ ಮುಚ್ಚಿ, ಅಂದೋ ಮಾರನೆಯ ದಿನವೋ ಡಾಕ್ಟರಿಗೆ ತೋರಿಸಿ. ಕಾಫಿಪುಡಿ, ಸುಣ್ಣ, ಟೂತ್‌ಪೇಸ್ಟು ಖಂಡಿತ ಬೇಡ. ಅರಿಸಿನದ ಮೇಲೆ ನಮಗೆಲ್ಲ ಭಕ್ತಿ ಇದೆ, ಸಾರಿಗೆ ಹಾಕೋಣ. ತೆರೆದ ಹುಣ್ಣಿಗೆ ಡಬ್ಬಿಯ ಪುಡಿ ಮೆತ್ತಿದರೆ ಅಡಿಯಲ್ಲಿ ಏನಾಗುತ್ತಿದೆಯೆಂದು ಯಾರಿಗೂ ಕಾಣುವುದಿಲ್ಲ. ಧನುರ್ವಾಯುವಿನ ಇಂಜೆಕ್ಷನ್ ಹಾಕಿಸಿ ಎಷ್ಟು ವರ್ಷವಾಯಿತು ಎಂಬುದನ್ನು ಡಾಕ್ಟರಿಗೆ ಹೇಳಿ.

ಕೆಂಪು ಹರಡುತ್ತಿದ್ದರೆ, ವಾಸನೆ ಬಂದರೆ, ಬೆರಳು ಕಪ್ಪಾದರೆ, ಚಳಿಜ್ವರ ಬಂದರೆ ಒಂದು ಗಂಟೆಯೂ ಕಾಯಬೇಡಿ. ಜ್ವರವಿಲ್ಲವೆಂದು ಧೈರ್ಯವೂ ಬೇಡ. ಕಾವಲು ಕಣಗಳೇ ಮಂಕಾಗಿರುವಾಗ ಒಳಗೆ ಸೋಂಕು ಬಲಿತಿದ್ದರೂ ಎಷ್ಟೋ ಮಂದಿಗೆ ಮೈ ಬಿಸಿಯೇ ಆಗುವುದಿಲ್ಲ. ಆಗ ಸುಳಿವು ಕೊಡುವುದು ಸಕ್ಕರೆಯೇ. ಊಟ ಬದಲಾಗಿಲ್ಲ, ಮಾತ್ರೆ ತಪ್ಪಿಲ್ಲ, ಆದರೂ ಸಕ್ಕರೆ ಏಕಾಏಕಿ ಏರಿದೆ ಎಂದರೆ ಮೈಯಲ್ಲಿ ಎಲ್ಲೋ ಸೋಂಕು ಅಡಗಿದೆಯೇ ಎಂದು ಹುಡುಕಬೇಕು. ಗಾಯವೇ ಇಲ್ಲದೆ ಒಂದು ಪಾದ ಮಾತ್ರ ಬಿಸಿಯಾಗಿ ಊದಿಕೊಂಡರೂ ತೋರಿಸಬೇಕು, ಒಳಗೆ ಮೂಳೆ ಜರುಗುತ್ತಿರಬಹುದು.

ಹುಣ್ಣಾದಾಗ ಡಾಕ್ಟರು ಮಾತ್ರೆ ಬಿಡಿಸಿ ಇನ್ಸುಲಿನ್ ಬರೆದರೆ ಮನೆಯಲ್ಲಿ ಗೋಳಾಟವಾಗುತ್ತದೆ. "ಒಮ್ಮೆ ಚುಚ್ಚಿಸಿಕೊಂಡರೆ ಸಾಯೋತನಕ ಬಿಡೋ ಹಾಗಿಲ್ಲ" ಅಂತ. ಹಾಗೇನಿಲ್ಲ. ಸೋಂಕು ಇಳಿದು ಗಾಯ ಮಾಯ್ದ ಮೇಲೆ ಮತ್ತೆ ಮಾತ್ರೆಗೆ ಮರಳುವವರು ಬಹಳ. 1922ರಲ್ಲಿ ಕೆನಡದ ಟೊರಾಂಟೊದಲ್ಲಿ ಮೊದಲ ರೋಗಿಗೆ ಇನ್ಸುಲಿನ್ ಕೊಡುವುದಕ್ಕೆ ಮುಂಚೆ ಮಧುಮೇಹಿಯ ಮೈಮೇಲೆ ಚಾಕು ಇಡಲು ಶಸ್ತ್ರವೈದ್ಯರು ಹೆದರುತ್ತಿದ್ದರು.

ಮನೆಯವರ ಪಾದ ನೋಡುವ ನೀವು ನಿಮ್ಮದನ್ನೂ ನೋಡಿಕೊಳ್ಳುತ್ತೀರಾ? ನಮ್ಮ ಹೆಂಗಸರು ಗಂಡನ ಕಾಲಿಗೆ ಪಟ್ಟಿ ಕಟ್ಟಿ, ತಮ್ಮ ಹಿಮ್ಮಡಿಯ ಸೀಳನ್ನು ಸೆರಗಿನಿಂದ ಒರೆಸಿಕೊಂಡು ಒಲೆಯ ಮುಂದೆ ನಿಲ್ಲುವವರು. "ಹಬ್ಬ ಮುಗಿಯಲಿ, ಮಗಳ ಬಾಣಂತನ ಮುಗಿಯಲಿ" ಎಂದು ದಿನ ತಳ್ಳುತ್ತಾರೆ. ರೋಗಾಣು ಪಂಚಾಂಗ ನೋಡುವುದಿಲ್ಲ. ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್ಕಿನಲ್ಲಿ ಸಕ್ಕರೆ ಪರೀಕ್ಷೆ ಮಾಡುತ್ತಾರೆ. ಹೋದಾಗ ಚಪ್ಪಲಿ ಬಿಚ್ಚಿ, "ಪಾದವನ್ನೂ ನೋಡಿ" ಎಂದು ಬಾಯಿಬಿಟ್ಟು ಕೇಳಿ.

ನಂಜಿನ ಭಯ

ಗಾಯವಾದವರ ತಟ್ಟೆಯಿಂದ ಮೊದಲು ಮಾಯವಾಗುವುದು ಬದನೆಕಾಯಿ, ಆಮೇಲೆ ಮೊಟ್ಟೆ, ಮೀನು, ಕೊನೆಗೆ ಬೇಳೆ. "ನಂಜಾಗುತ್ತೆ" ಅಂತ. ಸಕ್ಕರೆ ಇದೆಯೆಂದು ಅನ್ನವೂ ಕಡಿಮೆ. ಉಳಿಯುವುದು ತಿಳಿಸಾರು, ಎರಡು ಇಡ್ಲಿ. ಹೊಸ ಮಾಂಸ ತುಂಬಬೇಕಾದರೆ ಕೊಲಾಜನ್ ನೇಯಬೇಕು, ನೇಯಲು ನೂಲು ಬೇಡವೇ? ಆ ನೂಲು ಪ್ರೋಟೀನು. ಬದನೆಕಾಯಿ ತಿಂದರೆ ಕೀವಾಗುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಆದರೆ ಬೇಳೆ ಮೊಟ್ಟೆ ಬಿಡಿಸಿದರೆ ಗಾಯ ಮಾಯುವುದು ಖಂಡಿತ ನಿಧಾನವಾಗುತ್ತದೆ. ಮೊಳಕೆ ಹೆಸರುಕಾಳಿನ ಉಸಲಿ, ಹುರುಳಿಕಾಳಿನ ಬಸ್ಸಾರು, ಗಟ್ಟಿ ಮಜ್ಜಿಗೆ, ತಿನ್ನುವವರಿಗೆ ಬೇಯಿಸಿದ ಮೊಟ್ಟೆ, ಹುರಿಯದೆ ಸಾರು ಮಾಡಿದ ಮೀನು, ಎಲ್ಲವನ್ನೂ ಕೊಡಬಹುದು. ಜೊತೆಗೆ ಸೀಬೆಹಣ್ಣಿನ ನಾಲ್ಕು ಹೋಳು, ನೆಲ್ಲಿಕಾಯಿಯ ತೊಕ್ಕು ಚೂರು. ಕೊಲಾಜನ್ ನೇಯಲು 'ಸಿ' ಜೀವಸತ್ವವೂ ಬೇಕು, ಅದು ಇವೆರಡರಲ್ಲೂ ಧಾರಾಳ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಬೇಳೆ ಕಾಳು ಎಷ್ಟು ತಿನ್ನಬೇಕೆಂದು ಡಾಕ್ಟರನ್ನು ಕೇಳಿಯೇ ತಿನ್ನಲಿ. ಮನೆಯಲ್ಲಿ ಸೇದುವವರು ಹುಣ್ಣಿರುವಷ್ಟು ದಿನವಾದರೂ ಬೀಡಿ ಸಿಗರೇಟು ಮುಟ್ಟದಿರಲಿ. ಪ್ರತಿ ದಮ್ಮಿಗೂ ಪಾದದ ಸಣ್ಣ ರಕ್ತನಾಳಗಳು ಮುದುರಿಕೊಳ್ಳುತ್ತವೆ.